ಮೂರು ಕೊಂಡಿಯ ಹ್ಯಾರಿ

ಮಳೆಗಾಲ ಮುಗಿಯೋ ಹೊತ್ತಿಗೆ ಗುತ್ತಲ, ರಾಣೆಬೆನ್ನೂರು, ಬ್ಯಾಡಗಿ ಕಡೆ ಯಾವ ದೊಡ್ಡ ಮೈದಾನ ನೋಡಿದರೂ ಒಂದೇ ಕಥೆ. ಮೊಣಕಾಲುದ್ದ ಹುಲ್ಲು, ನಡುನಡುವೆ ಪಾರ್ಥೇನಿಯಂ. ನಾಲ್ಕು ಜನ ಕುಡಗೋಲು ಹಿಡಿದು ಕೂತರೆ ಕೆಲಸ ದಿನಗಟ್ಟಲೆ ಎಳೀತದೆ. ಅದೇ ಒಂದು ಹಳೇ ಟ್ರ್ಯಾಕ್ಟರಿನ ಹಿಂದೆ, ಅಲ್ಲಲ್ಲಿ ವೆಲ್ಡಿಂಗ್ ಬಿದ್ದ ಹುಲ್ಲು ಕತ್ತರಿಸೋ ಯಂತ್ರ ಸಿಕ್ಕಿಸಿದರೆ ಮಧ್ಯಾಹ್ನದೊಳಗೆ ಮೈದಾನ ಚೊಕ್ಕ. ಟ್ರ್ಯಾಕ್ಟರಿಗೆ ನಲವತ್ತು ವರ್ಷ ಆಗಿರಬಹುದು. ಕತ್ತರಿಸೋ ಯಂತ್ರ ಬೇರೆ ಕಂಪನಿಯದ್ದು, ಬೇರೆ ಕಾಲದ್ದು. ಆದರೂ ಎರಡೂ ಒಂದಕ್ಕೊಂದು ಹೇಳಿ ಮಾಡಿಸಿದ ಹಾಗೆ ಕೂರುತ್ತವೆ. ಅದು ಹೇಗೆ?

ಉತ್ತರ ಟ್ರ್ಯಾಕ್ಟರಿನ ಹಿಂಭಾಗದಲ್ಲಿದೆ. ಕೆಳಗೆ ಎರಡು ತೋಳು, ಮೇಲೆ ನಡುವೆ ಒಂದು ಟಾಪ್ ಲಿಂಕ್. ಒಟ್ಟು ಮೂರು ಕೊಂಡಿ. ರಂಟೆ, ಕುಂಟೆ, ರೋಟವೇಟರ್, ಹುಲ್ಲಿನ ಯಂತ್ರ, ಯಾವುದನ್ನಾದರೂ ಈ ಮೂರು ಕಡೆ ಪಿನ್ ಹಾಕಿ ಹಿಡಿಸಬಹುದು. ಜಗತ್ತಿನ ಬಹುಪಾಲು ಟ್ರ್ಯಾಕ್ಟರುಗಳ ಬೆನ್ನಿಗೆ ಇವತ್ತಿಗೂ ಇರೋದು ಇದೇ ಜೋಡಣೆ. ಇದನ್ನು ನಮಗೆ ಕೊಟ್ಟವನ ಅರ್ಧ ಹೆಸರು ನಮ್ಮ ರಸ್ತೆಗಳಲ್ಲಿ ಓಡಾಡೋ ಕೆಂಪು ಟ್ರ್ಯಾಕ್ಟರುಗಳ ಬಾನೆಟ್ ಮೇಲೆ ದಿನವೂ ಕಾಣುತ್ತದೆ. ಮ್ಯಾಸಿ ಫರ್ಗ್ಯೂಸನ್ ಅನ್ನೋದರಲ್ಲಿ ಫರ್ಗ್ಯೂಸನ್ ಅಂದರೆ ಹ್ಯಾರಿ ಫರ್ಗ್ಯೂಸನ್. ಕಬ್ಬಿಣಕ್ಕೂ ಕಬ್ಬಿಣಕ್ಕೂ ಬಿಡಿಸಲಾಗದ ಸಂಬಂಧ ಕಟ್ಟಿದ ಈ ಮನುಷ್ಯನಿಗೆ ಮನುಷ್ಯರ ಜೊತೆಗಿನ ಸಂಬಂಧ ಮಾತ್ರ ಪದೇ ಪದೇ ಕಳಚಿಕೊಳ್ಳುತ್ತಿತ್ತು. ಆತನ ಬದುಕಿನ ಕಥೆ ಇದು.

ಹೊಲ ಒಲ್ಲದ ರೈತನ ಮಗ

ಹ್ಯಾರಿ ಹುಟ್ಟಿದ್ದು 1884ರ ನವೆಂಬರ್ 4ರಂದು, ಐರ್ಲೆಂಡಿನ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಹತ್ತಿರದ ಗ್ರೋವೆಲ್ ಅನ್ನೋ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳ ಮನೆ, ಇವನು ನಾಲ್ಕನೆಯವನು. ಅಪ್ಪ ರೈತ. ಧರ್ಮದ ವಿಷಯದಲ್ಲಿ ಬಹಳ ಬಿಗಿ. ಹ್ಯಾರಿಗೆ ಅಪ್ಪನ ಕಟ್ಟುಪಾಡೂ ಹಿಡಿಸಲಿಲ್ಲ, ಕುದುರೆ ಹಿಂದೆ ನೇಗಿಲು ಹಿಡಿದು ನಡೆಯೋ ದುಡಿಮೆಯೂ ಹಿಡಿಸಲಿಲ್ಲ. ಹದಿನಾಲ್ಕಕ್ಕೇ ಶಾಲೆ ಬಿಟ್ಟ. ಒಂದಷ್ಟು ಕಾಲ ಅಪ್ಪನ ಹೊಲದಲ್ಲೇ ದುಡಿದ. 1902ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಅಣ್ಣ ಜೋ ನಡೆಸುತ್ತಿದ್ದ ಸೈಕಲ್, ಮೋಟಾರು ರಿಪೇರಿ ಅಂಗಡಿ ಸೇರಿಕೊಂಡ.

ಅಲ್ಲಿ ಹುಡುಗನ ಕೈ ಕುದುರಿತು. ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ತಪ್ಪಿದೆ ಅಂತ ಹಿಡಿಯೋ ಮಟ್ಟಕ್ಕೆ ಬಂದ. ಅಂಗಡಿಗೆ ಹೆಸರು ಬರಲಿ ಅಂತ ಮೋಟಾರ್‌ಸೈಕಲ್ ರೇಸು, ಕಾರ್ ರೇಸುಗಳಿಗೆ ಇಳಿದ. ಆಮೇಲೆ ವಿಮಾನದ ಹುಚ್ಚು ಹತ್ತಿತು. ರೈಟ್ ಸಹೋದರರು ಹಾರಿ ಆರೇ ವರ್ಷ ಆಗಿತ್ತು. ಹ್ಯಾರಿ ವಿಮಾನ ಪ್ರದರ್ಶನಗಳಿಗೆ ಹೋಗಿ, ಅಲ್ಲಿದ್ದ ಯಂತ್ರಗಳನ್ನು ನೋಡಿಕೊಂಡು ಬಂದು, ಬೆಲ್‌ಫಾಸ್ಟಿನ ಅಂಗಡಿಯಲ್ಲೇ ಒಂದು ವಿಮಾನ ಕಟ್ಟಿದ. 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋದಲ್ಲಿ ಸುಮಾರು 120 ಮೀಟರ್ ದೂರ ಹಾರಿದ. ಐರ್ಲೆಂಡಿನ ನೆಲದಲ್ಲಿ ವಿಮಾನ ಹಾರಿಸಿದ ಮೊದಲಿಗ ಆತನೇ. ಮರುವರ್ಷ ನ್ಯೂಕಾಸಲ್ ಕಡಲ ತೀರದಲ್ಲಿ ಸುಮಾರು ಮೂರು ಮೈಲಿ ಹಾರಿ 100 ಪೌಂಡ್ ಬಹುಮಾನ ಗೆದ್ದ.

ಆದರೆ ಅಣ್ಣನಿಗೂ ತಮ್ಮನಿಗೂ ಸರಿ ಬರಲಿಲ್ಲ. 1911ರಲ್ಲಿ ಹ್ಯಾರಿ ಬೇರೆಯಾಗಿ ತನ್ನದೇ ಮೋಟಾರು ವ್ಯಾಪಾರ ಶುರು ಮಾಡಿದ. ಇದು ಆತನ ಬದುಕಿನ ಮೊದಲ ಬೇರ್ಪಡೆ. ಆ ಹೊಸ ಅಂಗಡಿಗೆ ಸೇರಿದ ಮೆಕ್ಯಾನಿಕ್ ವಿಲಿಯಂ ಸ್ಯಾಂಡ್ಸ್ ಮಾತ್ರ ಮುಂದೆ ದಶಕಗಳ ಕಾಲ ಜೊತೆಗಿದ್ದ. ಫರ್ಗ್ಯೂಸನ್ ತಲೆಯಲ್ಲಿ ಹೊಳೆದದ್ದನ್ನು ಲೋಹದಲ್ಲಿ ಮೂಡಿಸಿದ ಕೈಗಳಲ್ಲಿ ಸ್ಯಾಂಡ್ಸ್‌ನ ಕೈ ದೊಡ್ಡದು. ನಾವು ಕಥೆ ಹೇಳುವಾಗ ಒಬ್ಬನ ಹೆಸರು ಹೇಳ್ತೀವಿ. ಪ್ರಾಜೆಕ್ಟ್ ಮಾಡಿದವರಿಗೆ ಗೊತ್ತು, ಯಾವ ಯಂತ್ರವೂ ಒಬ್ಬನಿಂದ ಆಗೋದಿಲ್ಲ.

ಎದ್ದು ನಿಲ್ಲುವ ಟ್ರ್ಯಾಕ್ಟರು

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್‌ಗೆ ಹಡಗಿನಲ್ಲಿ ಬರುತ್ತಿದ್ದ ಆಹಾರ ಕಡಿಮೆಯಾಯ್ತು. ಇದ್ದ ನೆಲದಲ್ಲೇ ಹೆಚ್ಚು ಬೆಳೆಯಬೇಕಿತ್ತು. 1917ರಲ್ಲಿ ಐರ್ಲೆಂಡಿನ ಕೃಷಿ ಇಲಾಖೆ ಫರ್ಗ್ಯೂಸನ್‌ಗೆ ಒಂದು ಕೆಲಸ ಕೊಟ್ಟಿತು. ಅಲ್ಲಲ್ಲಿ ಇರೋ ಟ್ರ್ಯಾಕ್ಟರುಗಳು ಸರಿಯಾಗಿ ಉಳುಮೆ ಮಾಡುವಂತೆ ನೋಡಿಕೊಳ್ಳಬೇಕು. ಆತ ಸ್ಯಾಂಡ್ಸ್‌ನನ್ನು ಕರೆದುಕೊಂಡು ಊರೂರು ತಿರುಗಿದ. ಕಂಡದ್ದೇನು? ಟ್ರ್ಯಾಕ್ಟರು ಅಂದರೆ ಕಬ್ಬಿಣದ ಎತ್ತು ಅಷ್ಟೇ. ಎತ್ತಿಗೆ ಕಟ್ಟುತ್ತಿದ್ದ ನೇಗಿಲನ್ನೇ ಸರಪಳಿ ಹಾಕಿ ಇದಕ್ಕೂ ಕಟ್ಟಿದ್ದರು. ನೇಗಿಲು ತನ್ನ ದಾರಿ, ಟ್ರ್ಯಾಕ್ಟರು ತನ್ನ ದಾರಿ.

ಇದರಲ್ಲಿ ಎರಡು ತೊಂದರೆ. ಒಂದು, ಗಾಲಿ ಜಾರದೆ ನೆಲ ಕಚ್ಚಿ ಹಿಡಿಯಬೇಕು ಅಂದರೆ ಟ್ರ್ಯಾಕ್ಟರು ಭಾರ ಇರಬೇಕು. ಭಾರ ಹೆಚ್ಚಾದರೆ ಮಣ್ಣು ಒತ್ತಿ ಗಟ್ಟಿಯಾಗುತ್ತದೆ, ಇಂಧನ ಹೆಚ್ಚು ಕುಡಿಯುತ್ತದೆ, ಬೆಲೆಯೂ ಏರುತ್ತದೆ. ಎರಡನೆಯದು ಜೀವಕ್ಕೇ ಕುತ್ತು. ನೇಗಿಲು ಮಣ್ಣೊಳಗಿನ ಬಂಡೆಗೆ ಸಿಕ್ಕಿಕೊಂಡಿತು ಅಂದುಕೊಳ್ಳಿ. ನೇಗಿಲು ಕದಲೋದಿಲ್ಲ, ಎಂಜಿನ್ ತಿರುಗಿಸೋದು ನಿಲ್ಲಿಸೋದಿಲ್ಲ. ಹಿಂದಿನ ಗಾಲಿ ಸಿಕ್ಕಿಬಿದ್ದಾಗ ಟ್ರ್ಯಾಕ್ಟರಿನ ದೇಹವೇ ಅಚ್ಚಿನ ಸುತ್ತ ತಿರುಗುತ್ತದೆ. ಮುಂದಿನ ಗಾಲಿ ಮೇಲೆದ್ದು, ಇಡೀ ಯಂತ್ರ ಹಿಂದಕ್ಕೆ ಬಿದ್ದು, ಚಾಲಕ ಅದರಡಿ. ಆ ಕಾಲದಲ್ಲಿ ಬಹಳ ಮಾರಾಟವಾದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ಈ ಕೆಟ್ಟ ಹೆಸರು ಇತ್ತು.

ಉಳಿದವರು ಇನ್ನೂ ದೊಡ್ಡ, ಇನ್ನೂ ಭಾರದ ಟ್ರ್ಯಾಕ್ಟರ್ ಮಾಡೋಣ ಅಂತ ಹೊರಟರೆ, ಫರ್ಗ್ಯೂಸನ್ ತಪ್ಪು ಇರೋದು ಟ್ರ್ಯಾಕ್ಟರಿನಲ್ಲಿ ಅಲ್ಲ, ನೇಗಿಲಿನಲ್ಲೂ ಅಲ್ಲ, ಎರಡರ ನಡುವಿನ ಜೋಡಣೆಯಲ್ಲಿ ಅಂತ ಕಂಡುಕೊಂಡ. ಟ್ರ್ಯಾಕ್ಟರು, ಸಲಕರಣೆ ಎರಡೂ ಸೇರಿ ಒಂದೇ ಯಂತ್ರ ಆಗಬೇಕು. ಈ ಒಂದು ವಿಚಾರದ ಹಿಂದೆ ಆತ ಹತ್ತಾರು ವರ್ಷ ಬಿದ್ದ.

ಮೂರು ಬಿಂದುವಿನ ಲೆಕ್ಕ

ಸ್ಟ್ಯಾಟಿಕ್ಸ್ ಕ್ಲಾಸಿನಲ್ಲಿ ಫ್ರೀ ಬಾಡಿ ಡಯಾಗ್ರಾಂ ಬರೆದು ಬೇಸತ್ತವರು ಇದನ್ನೊಮ್ಮೆ ಬರೆದು ನೋಡಿ. ನೇಗಿಲಿನ ಕುಳ ಮಣ್ಣೊಳಗಿದೆ. ಮಣ್ಣು ಅದನ್ನು ಹಿಂದಕ್ಕೆ ತಳ್ಳುತ್ತದೆ. ಕೆಳಗಿನ ಎರಡು ತೋಳು ನೇಗಿಲನ್ನು ಮುಂದಕ್ಕೆ ಎಳೆಯುತ್ತವೆ. ಈ ಎರಡು ಬಲ ಒಂದೇ ಗೆರೆಯಲ್ಲಿ ಇಲ್ಲ. ಹೀಗಾಗಿ ನೇಗಿಲು ಮುಂದಕ್ಕೆ ಮಗುಚಿಕೊಳ್ಳಲು ನೋಡುತ್ತದೆ. ಆಗ ಅದರ ಮೇಲ್ತುದಿ ಟಾಪ್ ಲಿಂಕನ್ನು ಮುಂದಕ್ಕೆ ಒತ್ತುತ್ತದೆ. ಆ ಒತ್ತು ಟ್ರ್ಯಾಕ್ಟರಿನ ದೇಹದ ಮೇಲ್ಭಾಗಕ್ಕೆ ಬಿದ್ದು, ಎದ್ದೇಳಲು ನೋಡುವ ಮುಂದಿನ ಗಾಲಿಯನ್ನು ಕೆಳಕ್ಕೆ ಅದುಮುತ್ತದೆ. ಸಲಕರಣೆಯ ಭಾರವೂ ಮಣ್ಣು ಕೆಳಕ್ಕೆ ಎಳೆಯೋ ಬಲವೂ ಹಿಂದಿನ ಗಾಲಿಯ ಮೇಲೆ ಬಂದು ಕೂರುತ್ತವೆ. ಅಂದರೆ, ಕೆಲಸ ಕಷ್ಟವಾದಷ್ಟೂ ಟ್ರ್ಯಾಕ್ಟರು ನೆಲಕ್ಕೆ ಗಟ್ಟಿಯಾಗಿ ಅಂಟುತ್ತದೆ. ಭಾರದ ಕಬ್ಬಿಣ ಹಾಕಿ ಮಾಡುತ್ತಿದ್ದ ಕೆಲಸವನ್ನು ಜ್ಯಾಮಿತಿ ಮಾಡಿತು.

ಇನ್ನೊಂದು ಅರ್ಧ ಕೆಲಸ ಹೈಡ್ರಾಲಿಕ್‌ನದು. ಟಾಪ್ ಲಿಂಕಿನ ಬುಡದಲ್ಲಿ ಒಂದು ಗಟ್ಟಿ ಸ್ಪ್ರಿಂಗ್. ನೇಗಿಲು ಆಳಕ್ಕೆ ಹೋದರೆ ಒತ್ತಡ ಹೆಚ್ಚಿ ಸ್ಪ್ರಿಂಗ್ ಕುಗ್ಗುತ್ತದೆ. ಆ ಚಲನೆ ಹೈಡ್ರಾಲಿಕ್ ವಾಲ್ವಿಗೆ ಮುಟ್ಟಿ, ತೋಳು ಸ್ವಲ್ಪ ಮೇಲೇಳುತ್ತದೆ. ಒತ್ತಡ ಕಡಿಮೆಯಾದರೆ ತೋಳು ಇಳಿಯುತ್ತದೆ. ಇವತ್ತು ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಫೀಡ್‌ಬ್ಯಾಕ್ ಲೂಪ್ ಅಂತ ಓದೋದನ್ನು ಈತ ಸೆನ್ಸರ್ ಇಲ್ಲದೆ, ಒಂದು ತುಂಡು ವೈರ್ ಇಲ್ಲದೆ, ಸ್ಪ್ರಿಂಗು ಮತ್ತು ಎಣ್ಣೆಯಲ್ಲೇ ಕಟ್ಟಿದ. ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1925ರಲ್ಲಿ. ಪೂರ್ತಿ ವ್ಯವಸ್ಥೆ ಇಟ್ಟುಕೊಂಡು ಕಪ್ಪು ಬಣ್ಣದ ಮೊದಲ ಮಾದರಿ ಟ್ರ್ಯಾಕ್ಟರ್ ತಯಾರಾದದ್ದು 1933ರಲ್ಲಿ. ನಡುವಿನ ಎಂಟು ವರ್ಷ ಹೋದದ್ದೆಲ್ಲ ಹೊಲದಲ್ಲಿ ಓಡಿಸಿ, ಕೆಡಿಸಿ, ಮತ್ತೆ ಮಾಡೋದರಲ್ಲಿ.

ಕೈ ಕುಲುಕಿದ ಒಪ್ಪಂದ

ಯಂತ್ರ ಇದೆ, ಮಾಡಿ ಮಾರೋರು ಬೇಕಲ್ಲ. 1936ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಗೇರ್ ತಯಾರಿಸುತ್ತಿದ್ದ ಡೇವಿಡ್ ಬ್ರೌನ್ ಜೊತೆ ಸೇರಿ ಟ್ರ್ಯಾಕ್ಟರು ಹೊರಬಂತು. ಬೆಲೆ 224 ಪೌಂಡ್. ಫೋರ್ಡ್‌ಸನ್‌ಗಿಂತ ಎಷ್ಟೋ ದುಬಾರಿ. ಸುಮಾರು 1,350 ಮಾತ್ರ ತಯಾರಾದವು. ಬ್ರೌನ್‌ಗೆ ಟ್ರ್ಯಾಕ್ಟರು ಇನ್ನೂ ದೊಡ್ಡದಾಗಬೇಕು ಅನ್ನೋ ಆಸೆ. ಫರ್ಗ್ಯೂಸನ್‌ಗೆ ತನ್ನ ವಿನ್ಯಾಸದಲ್ಲಿ ಒಂದು ಬೋಲ್ಟ್ ಬದಲಾದರೂ ಸಹಿಸೋದಿಲ್ಲ. ಜೊತೆ ಮುರಿಯಿತು.

ಆತ ಅಮೆರಿಕದ ದಾರಿ ಹಿಡಿದ. 1920ರ ದಶಕದ ಆರಂಭದಲ್ಲೇ ಹೆನ್ರಿ ಫೋರ್ಡ್ ಈತನ ನೇಗಿಲು ನೋಡಿ ಕೆಲಸ ಕೊಡಲು ಮುಂದಾಗಿದ್ದ. ಇನ್ನೊಬ್ಬರ ಕೈಕೆಳಗೆ ಕೂರೋ ಜಾಯಮಾನ ಅಲ್ಲದ ಫರ್ಗ್ಯೂಸನ್ ಆಗ ಒಪ್ಪಿರಲಿಲ್ಲ. ಈಗ 1938ರ ಅಕ್ಟೋಬರ್‌ನಲ್ಲಿ ಒಂದು ಟ್ರ್ಯಾಕ್ಟರನ್ನೇ ಹಡಗಿನಲ್ಲಿ ತಂದು, ಡಿಯರ್‌ಬಾರ್ನ್‌ನಲ್ಲಿ ಫೋರ್ಡ್ ಮನೆಯ ಹೊಲದಲ್ಲಿ ಉಳುಮೆ ಮಾಡಿ ತೋರಿಸಿದ. ಆಮೇಲೆ ಅಲ್ಲೇ ಹೊಲದಲ್ಲಿ ಒಂದು ಮೇಜು ಹಾಕಿಸಿ, ಕೀಲಿ ಕೊಟ್ಟರೆ ಓಡುವ ಪುಟ್ಟ ಆಟಿಕೆ ಟ್ರ್ಯಾಕ್ಟರು ಇಟ್ಟು, ಮೂರು ಕೊಂಡಿ ಹೇಗೆ ಕೆಲಸ ಮಾಡುತ್ತೆ ಅಂತ ವಿವರಿಸಿದ. ಫೋರ್ಡ್ ಒಪ್ಪಿದ. ವಕೀಲರಿಲ್ಲ, ಕಾಗದವಿಲ್ಲ, ಸಹಿಯಿಲ್ಲ. ಫೋರ್ಡ್ ತಯಾರಿಸೋದು, ಫರ್ಗ್ಯೂಸನ್ ಮಾರೋದು. ಇಬ್ಬರೂ ಎದ್ದು ಕೈ ಕುಲುಕಿದರು. ಅಷ್ಟೇ.

ಎಂಟೇ ತಿಂಗಳಲ್ಲಿ, 1939ರ ಜೂನ್‌ನಲ್ಲಿ, ಹೊಸ ಟ್ರ್ಯಾಕ್ಟರ್ ಬಿಡುಗಡೆಯಾಯ್ತು. ಫೋರ್ಡ್ 9ಎನ್, ಬೆಲೆ 585 ಡಾಲರ್. ಬಿಡುಗಡೆಯ ದಿನ ಎಂಟು ವರ್ಷದ ಒಬ್ಬ ಹುಡುಗನ ಕೈಲಿ ಅದನ್ನು ಕೊಟ್ಟು ಉಳುಮೆ ಮಾಡಿಸಿದರು. ಶಕ್ತಿ ಇರೋದು ತೋಳಿನಲ್ಲಲ್ಲ, ಜೋಡಣೆಯಲ್ಲಿ ಅಂತ ಜನಕ್ಕೆ ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಈ ಮಾದರಿ ಮತ್ತು ಅದರ ಯುದ್ಧಕಾಲದ ರೂಪ ಎರಡೂ ಸೇರಿ ಮೂರು ಲಕ್ಷಕ್ಕೂ ಮೀರಿ ತಯಾರಾದವು.

ಬೂದು ಬಣ್ಣದ ಪುಟ್ಟ ಟ್ರ್ಯಾಕ್ಟರು

ಇಂಗ್ಲೆಂಡಿನಲ್ಲಿ ಫರ್ಗ್ಯೂಸನ್ ಇನ್ನೊಂದು ದಾರಿ ಹುಡುಕಿದ. ಕೊವೆಂಟ್ರಿಯ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಗೆ ಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ ಮಾಡಿದ ದೊಡ್ಡ ಕಾರ್ಖಾನೆ ಖಾಲಿ ಬಿದ್ದಿತ್ತು. ಅಲ್ಲಿ 1946ರಲ್ಲಿ ಟಿಇ20 ಹುಟ್ಟಿತು. ತೂಕ ಸುಮಾರು 1,100 ಕಿಲೋ. ಬಣ್ಣ ಬೂದು. 1956ರ ತನಕ ಐದು ಲಕ್ಷಕ್ಕೂ ಹೆಚ್ಚು ತಯಾರಾದವು. ಟ್ರ್ಯಾಕ್ಟರಿನ ಜೊತೆಗೇ ಅದಕ್ಕೆ ಹೊಂದುವ ಹತ್ತಾರು ಸಲಕರಣೆಗಳು: ನೇಗಿಲು, ಬಿತ್ತುವ ಯಂತ್ರ, ಟ್ರೇಲರ್, ಹುಲ್ಲು ಕತ್ತರಿಸೋ ಯಂತ್ರ. ಜೊತೆಗೆ ಕೊಡುತ್ತಿದ್ದ ಒಂದೇ ಸ್ಪ್ಯಾನರಿನಲ್ಲಿ ದಿನನಿತ್ಯದ ಹೆಚ್ಚಿನ ಹೊಂದಾಣಿಕೆ ಮುಗಿಯಬೇಕು ಅನ್ನೋದು ಆತನ ಹಟ. ಆ ಸ್ಪ್ಯಾನರಿನ ಮೇಲೆ ಇಂಚಿನ ಗುರುತು ಬೇರೆ ಇತ್ತು, ಅಳತೆಪಟ್ಟಿಯೂ ಅದೇ ಆಗಲಿ ಅಂತ. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ಮುಟ್ಟಿದ್ದೂ ಈ ಪುಟ್ಟ ಟ್ರ್ಯಾಕ್ಟರುಗಳ ಮೇಲೇ.

ಫರ್ಗ್ಯೂಸನ್ ಇದನ್ನು ಬರೀ ವ್ಯಾಪಾರ ಅಂದುಕೊಂಡಿರಲಿಲ್ಲ. ಉಳುವ ಪ್ರಾಣಿಗಳ ಮೇವಿಗೇ ನೆಲದ ದೊಡ್ಡ ಪಾಲು ಹೋಗುತ್ತದೆ, ಅಗ್ಗದ ಯಂತ್ರ ಬಂದರೆ ಆ ನೆಲ ಜನರ ಊಟಕ್ಕೆ ಸಿಗುತ್ತದೆ, ಬೆಲೆ ಇಳಿಯುತ್ತದೆ, ಹಸಿವು ಕಡಿಮೆಯಾಗುತ್ತದೆ ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. ಲೆಕ್ಕ ಅಷ್ಟು ಸರಳ ಅಲ್ಲ ಅಂತ ನಮಗೆ ಇವತ್ತು ಗೊತ್ತು. ಎತ್ತು ಗೊಬ್ಬರವನ್ನೂ ಕೊಡುತ್ತದೆ, ಡೀಸೆಲ್ ಕೇಳೋದಿಲ್ಲ. ಆದರೆ ಹಸಿವು ಎಂಜಿನಿಯರ್ ಯೋಚಿಸಬೇಕಾದ ವಿಷಯ ಅಂತ ಆತ ನಂಬಿದ್ದು ಮಾತ್ರ ನಿಜ.

ಅಷ್ಟರಲ್ಲಿ ಅಮೆರಿಕದಲ್ಲಿ ಕೈಕುಲುಕಿದ ಒಪ್ಪಂದ ಬಿರುಕು ಬಿಟ್ಟಿತು. ವಯಸ್ಸಾಗಿದ್ದ ಹೆನ್ರಿ ಫೋರ್ಡ್ ಕಂಪನಿಯನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟಿದ್ದ. ಮೊಮ್ಮಗ ಲೆಕ್ಕಪುಸ್ತಕ ತೆಗೆದು ನೋಡಿದರೆ ಟ್ರ್ಯಾಕ್ಟರಿನಲ್ಲಿ ಕಂಪನಿಗೆ ನಷ್ಟ. ಅಜ್ಜ ಕೊಟ್ಟ ಮಾತಿಗೆ ಕಾಗದದ ಆಧಾರವಿಲ್ಲ. 1947ರಲ್ಲಿ ಫೋರ್ಡ್ ಕಂಪನಿ ತನ್ನದೇ ಮಾರಾಟ ಸಂಸ್ಥೆ ಮಾಡಿಕೊಂಡು, 8ಎನ್ ಅನ್ನೋ ಟ್ರ್ಯಾಕ್ಟರನ್ನು ಹೊರತಂದಿತು. ಬೆನ್ನಿಗೆ ಅದೇ ಮೂರು ಕೊಂಡಿ, ಒಳಗೆ ಅದೇ ಹೈಡ್ರಾಲಿಕ್. 1948ರಲ್ಲಿ ಫರ್ಗ್ಯೂಸನ್ 25.1 ಕೋಟಿ ಡಾಲರ್ ಪರಿಹಾರ ಕೇಳಿ ಕೋರ್ಟಿಗೆ ಹೋದ. ನಾಲ್ಕು ವರ್ಷ ಕೇಸು ನಡೆಯಿತು. ಕಡೆಗೆ 1952ರ ಏಪ್ರಿಲ್‌ನಲ್ಲಿ ರಾಜಿಯಾಗಿ ಕೈಗೆ ಬಂದದ್ದು 92.5 ಲಕ್ಷ ಡಾಲರ್. ಹೈಡ್ರಾಲಿಕ್ ಪಂಪಿನ ವಿನ್ಯಾಸವನ್ನು ಫೋರ್ಡ್ ಬದಲಿಸಬೇಕಾಯ್ತು. ಆದರೆ ಮೂಲ ಪೇಟೆಂಟುಗಳ ಅವಧಿ ಮುಗಿಯುತ್ತ ಬಂದಿತ್ತು. ಮೂರು ಕೊಂಡಿಯನ್ನು ಯಾರು ಬೇಕಾದರೂ ಬಳಸೋ ಕಾಲ ಬಂತು.

ಇಲ್ಲೊಂದು ವಿಚಿತ್ರ ನೋಡಿ. ಫರ್ಗ್ಯೂಸನ್‌ಗೆ ಅದು ಸೋಲು. ರೈತರಿಗೆ ಅದು ಲಾಭ. ಎಲ್ಲ ಕಂಪನಿಗಳೂ ಅದೇ ಜೋಡಣೆ ಹಿಡಿದದ್ದರಿಂದ ಅದು ಸ್ಟ್ಯಾಂಡರ್ಡ್ ಆಯ್ತು. ಇವತ್ತು ಐಎಸ್‌ಒ 730 ಅನ್ನೋ ಅಂತಾರಾಷ್ಟ್ರೀಯ ಮಾನಕ ಅದರ ಅಳತೆ ಹೇಳುತ್ತದೆ. ಸಣ್ಣ ಟ್ರ್ಯಾಕ್ಟರುಗಳ ಒಂದನೇ ವರ್ಗದಲ್ಲಿ ಕೆಳಗಿನ ಪಿನ್ 22 ಮಿಲಿಮೀಟರ್, ಮೇಲಿನದು 19. ಹಳೇ ಟ್ರ್ಯಾಕ್ಟರಿಗೆ ಯಾವುದೋ ಊರಿನ ವರ್ಕ್‌ಶಾಪಿನಲ್ಲಿ ಮಾಡಿದ ಹುಲ್ಲಿನ ಯಂತ್ರ ಸರಿಯಾಗಿ ಕೂರೋದರ ಗುಟ್ಟು ಇದೇ.

ಒಂದು ನಾಣ್ಯದ ಆಟ

1953ರಲ್ಲಿ ಫರ್ಗ್ಯೂಸನ್ ತನ್ನ ಕಂಪನಿಯನ್ನು ಕೆನಡಾದ ಮ್ಯಾಸಿ ಹ್ಯಾರಿಸ್ ಜೊತೆ ಸೇರಿಸಿದ. ಬೆಲೆಯಲ್ಲಿ ಹತ್ತು ಲಕ್ಷ ಡಾಲರಿನ ವ್ಯತ್ಯಾಸ ಉಳಿಯಿತು. ವಾದ ಮಾಡೋ ಬದಲು ನಾಣ್ಯ ಚಿಮ್ಮಿ ತೀರ್ಮಾನ ಮಾಡಿದರು. ಫರ್ಗ್ಯೂಸನ್ ಸೋತ. ಮ್ಯಾಸಿಯವರು ಆ ನಾಣ್ಯವನ್ನು ಬೆಳ್ಳಿಯ ಸಿಗಾರ್ ಪೆಟ್ಟಿಗೆಯ ಮೇಲೆ ಕೂರಿಸಿ ಆತನಿಗೇ ಕಾಣಿಕೆ ಕೊಟ್ಟರು. ಆದರೆ ಅಲ್ಲೂ ಬಹಳ ದಿನ ನಿಲ್ಲಲಿಲ್ಲ. ಮರುವರ್ಷವೇ ಜಗಳವಾಡಿ ಹೊರಬಂದ.

ಕಡೆಗಾಲದಲ್ಲಿ ಕಾರಿನ ನಾಲ್ಕೂ ಗಾಲಿಗೆ ಶಕ್ತಿ ಕೊಡೋ ಸಂಶೋಧನೆಗೆ ಹಣ ಸುರಿದ. ಯಾವ ಕಾರು ಕಂಪನಿಯೂ ಮುಂದೆ ಬರಲಿಲ್ಲ. ನಿದ್ದೆಯಿಲ್ಲದ ರಾತ್ರಿಗಳು, ಮನಸ್ಸಿಗೆ ಕವಿದ ಕತ್ತಲು ಆತನನ್ನು ವರ್ಷಗಟ್ಟಲೆ ಕಾಡಿದವು. 1960ರ ಅಕ್ಟೋಬರ್ 25ರಂದು ಇಂಗ್ಲೆಂಡಿನ ಆಬಟ್ಸ್‌ವುಡ್ ಮನೆಯಲ್ಲಿ ತೀರಿಕೊಂಡ. ದೇಹದಲ್ಲಿ ನಿದ್ದೆ ಔಷಧಿ ಹೆಚ್ಚಾಗಿತ್ತು. ಅದು ಆಕಸ್ಮಿಕವೋ ಅಲ್ಲವೋ ವಿಚಾರಣೆಯಲ್ಲಿ ತೀರ್ಮಾನವಾಗಲಿಲ್ಲ. ವಯಸ್ಸು 75. ಮರುವರ್ಷ, ಆತನ ಸಂಸ್ಥೆ ಮಾಡಿದ ನಾಲ್ಕು ಗಾಲಿ ಶಕ್ತಿಯ ಪಿ99 ರೇಸ್ ಕಾರಿನಲ್ಲಿ ಸ್ಟರ್ಲಿಂಗ್ ಮಾಸ್ ಔಲ್ಟನ್ ಪಾರ್ಕಿನ ಗೋಲ್ಡ್ ಕಪ್ ಗೆದ್ದ. ಅದನ್ನು ನೋಡಲು ಹ್ಯಾರಿ ಇರಲಿಲ್ಲ.

ಆತ ತೀರಿಕೊಂಡ ಅದೇ 1960ರಲ್ಲಿ ಮದ್ರಾಸಿನಲ್ಲಿ ಮ್ಯಾಸಿ ಫರ್ಗ್ಯೂಸನ್ ಸಹಯೋಗದಲ್ಲಿ ಟಾಫೆ ಕಂಪನಿ ಶುರುವಾಯ್ತು. ಅಲ್ಲಿ ತಯಾರಾದ 1035 ಮಾದರಿ ಸಿಂಪ್ಸನ್ ಎಂಜಿನ್ ಹೊತ್ತುಕೊಂಡು ನಮ್ಮ ಎರೆ ಹೊಲಗಳಿಗೆ ಬಂತು. ಹತ್ತಿ, ಗೋವಿನಜೋಳ, ಮೆಣಸಿನಕಾಯಿ ಬೆಳೆಯೋ ಈ ಸೀಮೆಯಲ್ಲಿ ಹ್ಯಾರಿಯ ಹೆಸರು ಹೀಗೆ ಮನೆಮಾತಾಯ್ತು.

ಹಳೇ ಟ್ರ್ಯಾಕ್ಟರಿನಲ್ಲಿ ಹುಲ್ಲು ಕತ್ತರಿಸೋದು

ಈಗ ಮೈದಾನಕ್ಕೆ ಬರೋಣ. ಹುಲ್ಲು ಕತ್ತರಿಸೋ ಯಂತ್ರಕ್ಕೆ ಫರ್ಗ್ಯೂಸನ್‌ಗಿಂತ ಹಳೇ ಇತಿಹಾಸ ಇದೆ. 1830ರಲ್ಲಿ ಇಂಗ್ಲೆಂಡಿನ ಸ್ಟ್ರೌಡ್ ಹತ್ತಿರ ಎಡ್ವಿನ್ ಬಡ್ಡಿಂಗ್ ಅನ್ನೋ ಎಂಜಿನಿಯರ್ ಬಟ್ಟೆ ಗಿರಣಿಯಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸೋ ಉರುಳೆಯನ್ನು ನೋಡಿ, ಅದನ್ನೇ ಹುಲ್ಲಿಗೆ ಹೊಂದಿಸಿದ. ಅದು ಉರುಳೆ ಮಾದರಿ, ನುಣುಪಾದ ಲಾನ್‌ಗೆ ಸರಿ. ಮೇವಿನ ಹುಲ್ಲಿಗೆ ಕತ್ತರಿ ಪಟ್ಟಿ ಮಾದರಿ. ಸಲೂನಿನ ಮಷಿನ್ ಥರ ಹಲ್ಲುಗಳು ಅತ್ತಿತ್ತ ಓಡುತ್ತವೆ. ಟಿಇ20ಗೆ ಫರ್ಗ್ಯೂಸನ್ ಕಂಪನಿ ಮಾಡಿದ್ದು ಈ ಬಗೆಯದು. ಕಸ, ಮುಳ್ಳು, ಒರಟು ಹುಲ್ಲು ಇರೋ ಬಯಲಿಗೆ ಅಡ್ಡಲಾಗಿ ತಿರುಗುವ ಅಲಗಿನ ರೋಟರಿ ಮಾದರಿಯೇ ಲೇಸು.

ರೋಟರಿಗೆ ಶಕ್ತಿ ಬರೋದು ಪಿಟಿಒ ಶಾಫ್ಟಿನಿಂದ. ಅದರ ರೂಢಿಯ ವೇಗ ನಿಮಿಷಕ್ಕೆ 540 ಸುತ್ತು. ಗೇರ್‌ಬಾಕ್ಸ್ ಅದನ್ನು 1,000ಕ್ಕೆ ಏರಿಸುತ್ತೆ, ಕತ್ತರಿಸೋ ವೃತ್ತದ ವ್ಯಾಸ ಒಂದೂವರೆ ಮೀಟರ್ ಅಂತ ಇಟ್ಟುಕೊಳ್ಳಿ. ಅಲಗಿನ ತುದಿಯ ವೇಗ ಸೆಕೆಂಡಿಗೆ 78 ಮೀಟರ್, ಅಂದರೆ ಗಂಟೆಗೆ 280 ಕಿಲೋಮೀಟರ್. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಓಡಿಸಿದರೆ ತಾಸಿಗೆ 7,500 ಚದರ ಮೀಟರ್. ತಿರುವು, ಮೇಲೆ ಮೇಲೆ ಹಾಯುವ ಪಟ್ಟಿ ಕಳೆದರೂ ತಾಸಿಗೆ ಒಂದೂವರೆ ಎಕರೆ ಸಿಗುತ್ತದೆ.

ಇಲ್ಲಿ ಹಳೇ ಟ್ರ್ಯಾಕ್ಟರಿನ ಒಂದು ಗುಣ ತಿಳಿದಿರಲೇಬೇಕು. ಟಿಇ20ಯಲ್ಲಿ ಗಾಲಿಗೂ ಪಿಟಿಒಗೂ ಒಂದೇ ಕ್ಲಚ್. ಕ್ಲಚ್ ಒತ್ತಿದರೆ ಎಂಜಿನ್ ಎರಡರಿಂದಲೂ ಬೇರೆಯಾಗುತ್ತದೆ, ಆದರೆ ಪಿಟಿಒ ಮತ್ತು ಗಾಲಿ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ. ಲೆಕ್ಕ ಹಾಕಿ. ಎರಡು ಬದಿಗೂ ನಾಲ್ಕು ನಾಲ್ಕು ಕಿಲೋ ಅಲಗು, ಮಧ್ಯದಿಂದ ಸರಾಸರಿ ಅರ್ಧ ಮೀಟರ್ ದೂರ. 1,000 ಸುತ್ತಿನಲ್ಲಿ ಅದರ ಚಲನ ಶಕ್ತಿ ಸುಮಾರು 11,000 ಜೂಲ್. ಗಂಟೆಗೆ 5 ಕಿಲೋಮೀಟರ್ ವೇಗದ 1,100 ಕಿಲೋ ಟ್ರ್ಯಾಕ್ಟರಿನದ್ದು 1,060 ಜೂಲ್ ಮಾತ್ರ. ಹತ್ತು ಪಟ್ಟು ವ್ಯತ್ಯಾಸ! ಅಂದರೆ, ಬೇಲಿ ಹತ್ತಿರ ಬಂತು ಅಂತ ಕ್ಲಚ್ ಒತ್ತಿದರೆ ತಿರುಗುತ್ತಿರೋ ಅಲಗೇ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಇದಕ್ಕೆ ಮದ್ದು ಸಣ್ಣದು. ಪಿಟಿಒ ಶಾಫ್ಟಿಗೆ ಒಂದು ಓವರ್‌ರನ್ನಿಂಗ್ ಕ್ಲಚ್ ಹಾಕಬೇಕು. ಸೈಕಲ್ಲಿನ ಫ್ರೀವೀಲ್ ಇದ್ದಂತೆ. ಟ್ರ್ಯಾಕ್ಟರು ಅಲಗನ್ನು ತಿರುಗಿಸಬಹುದು, ಅಲಗು ಟ್ರ್ಯಾಕ್ಟರನ್ನು ತಿರುಗಿಸಲಾರದು.

ಇನ್ನೂ ಒಂದು. ಟಿಇ20ಯ ಹೈಡ್ರಾಲಿಕ್ ಕಟ್ಟಿದ್ದು ನೇಗಿಲಿನ ಎಳೆತ ನೋಡಿಕೊಳ್ಳಲಿಕ್ಕೆ. ಹುಲ್ಲಿನ ಯಂತ್ರದಲ್ಲಿ ಮಣ್ಣಿನ ಎಳೆತವೇ ಇಲ್ಲ. ತೋಳನ್ನು ಒಂದೇ ಎತ್ತರದಲ್ಲಿ ಹಿಡಿದಿಡೋ ವ್ಯವಸ್ಥೆಯೂ ಆ ಮಾದರಿಯಲ್ಲಿ ಇರಲಿಲ್ಲ, ಅದು ಮುಂದಿನ ಮಾದರಿಗಳಲ್ಲಿ ಬಂತು. ಹೀಗಾಗಿ ಹಳಬರು ತೋಳಿಗೆ ಸರಪಳಿ ಬಿಗಿದು, ಯಂತ್ರದ ಹಿಂದೆ ಒಂದು ಪುಟ್ಟ ಗಾಲಿ ಕೊಟ್ಟು ಕತ್ತರಿಸೋ ಎತ್ತರ ಹಿಡಿಯುತ್ತಾರೆ. ಹ್ಯಾರಿಯ ಯಂತ್ರ ಎಲ್ಲಕ್ಕೂ ಉತ್ತರ ಅಲ್ಲ. ಆದರೆ ಆತ ಬಿಟ್ಟ ಜಾಗವನ್ನು ಊರಿನ ಮಿಸ್ತ್ರಿ ಸರಪಳಿ ಹಾಕಿ ತುಂಬಬಹುದು. ಯಂತ್ರ ಅಷ್ಟು ತೆರೆದ ಪುಸ್ತಕ.

ರಿಪೇರಿಗೂ ಲೆಕ್ಕ ಬೇಕು. ಒಂದು ಅಲಗು ಮುರಿಯಿತು ಅಂತ ಲಾರಿ ಪಟ್ಟಾ ಕತ್ತರಿಸಿ ಇನ್ನೊಂದು ಮಾಡಿ ಹಾಕಿದಿರಿ, ಅದು ಹಳೆಯದಕ್ಕಿಂತ 100 ಗ್ರಾಂ ಹೆಚ್ಚು ತೂಗುತ್ತೆ ಅಂದುಕೊಳ್ಳಿ. 70 ಸೆಂಟಿಮೀಟರ್ ದೂರದಲ್ಲಿ, 1,000 ಸುತ್ತಿನಲ್ಲಿ, ಆ 100 ಗ್ರಾಂ ಸುಮಾರು 770 ನ್ಯೂಟನ್ ಬಲದಿಂದ ಎಳೆಯುತ್ತದೆ. ಒಬ್ಬ ದಪ್ಪ ಮನುಷ್ಯನ ತೂಕ ಸೆಕೆಂಡಿಗೆ ಹದಿನಾರು ಸಲ ಬೇರಿಂಗಿನ ಸುತ್ತ ಗಿರಕಿ ಹೊಡೆದ ಹಾಗೆ. ಬೇರಿಂಗು, ವೆಲ್ಡಿಂಗು ಎರಡೂ ಹೋಗುತ್ತವೆ. ಜೊತೆಗೆ ಆ ವೇಗದಲ್ಲಿ ತಿರುಗೋ ತುಂಡು ಕಳಚಿ ಹಾರಿದರೆ ಆಗೋದನ್ನು ಹೇಳಬೇಕಿಲ್ಲ. ಅಲಗನ್ನು ಯಾವಾಗಲೂ ಜೊತೆಯಾಗಿ, ತೂಗಿ ಬದಲಿಸಬೇಕು. ಪಿಟಿಒ ಶಾಫ್ಟಿನ ಕವರ್ ಕಳಚಿಡಬಾರದು. ಯಂತ್ರ ತಿರುಗುವಾಗ ಲುಂಗಿ, ಟವೆಲ್, ದುಪಟ್ಟಾ ಹತ್ತಿರ ಸುಳಿಯಬಾರದು. ಕಲ್ಲಿನ ಮೈದಾನದಲ್ಲಿ ಜನರನ್ನು ದೂರ ನಿಲ್ಲಿಸಬೇಕು.

ಉಳಿದದ್ದು

ಹ್ಯಾರಿಯ ಬದುಕನ್ನು ಒಂದು ಪಟ್ಟಿ ಮಾಡಿದರೆ ಮುರಿದ ಜೊತೆಗಳೇ ಹೆಚ್ಚು ಕಾಣುತ್ತವೆ. ಅಪ್ಪ, ಅಣ್ಣ, ಬ್ರೌನ್, ಫೋರ್ಡ್, ಮ್ಯಾಸಿ. ಪ್ರತಿ ಸಲವೂ ಎದುರಿನವರದೇ ತಪ್ಪಿತ್ತು ಅಂತಲ್ಲ. ಬಗ್ಗದ ಹಟ ಆತನಲ್ಲೂ ಇತ್ತು. ಅದೇ ಹಟ ಇಲ್ಲದಿದ್ದರೆ ಎಂಟು ವರ್ಷ ಹೊಲದಲ್ಲಿ ನಿಂತು ಒಂದು ಕೊಂಡಿಯನ್ನು ಸರಿಮಾಡಲು ಆಗುತ್ತಲೂ ಇರಲಿಲ್ಲ. ಹಟ ಎಲ್ಲಿ ಬೇಕು, ಎಲ್ಲಿ ಬೇಡ ಅನ್ನೋದು ಸಿಲಬಸ್‌ನಲ್ಲಿ ಬರೋದಿಲ್ಲ. ಪ್ರಾಜೆಕ್ಟ್ ಟೀಮ್ ಕಟ್ಟುವಾಗ, ಮುಂದೆ ಕಂಪನಿ ಕಟ್ಟುವಾಗ, ಕೈ ಕುಲುಕಿದ ಮೇಲೆ ಕಾಗದವನ್ನೂ ಬರೆದುಕೊಳ್ಳಿ ಅನ್ನೋದು ಮಾತ್ರ ಈ ಕಥೆ ಸ್ಪಷ್ಟವಾಗಿ ಹೇಳುತ್ತದೆ.

ನಾವು ಮಾಡಬಹುದಾದ ಒಂದು ಕೆಲಸ ಇದೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಮೂಲೆಗೆ ಬಿದ್ದ ಟ್ರ್ಯಾಕ್ಟರುಗಳೂ ಕೆಟ್ಟು ನಿಂತ ಹುಲ್ಲಿನ ಯಂತ್ರಗಳೂ ಸಾಕಷ್ಟಿವೆ. ಮೆಕ್ಯಾನಿಕಲ್‌ನವರು ಒಂದು ಮಿನಿ ಪ್ರಾಜೆಕ್ಟ್ ಆಗಿ ಅಂಥ ಒಂದು ಯಂತ್ರ ತಂದು, ಅಲಗು ತೂಗಿ, ಬೇರಿಂಗ್ ಬದಲಿಸಿ, ಓವರ್‌ರನ್ನಿಂಗ್ ಕ್ಲಚ್ ಕೂರಿಸಿ, ಕವರ್ ಹಾಕಿ ಓಡಿಸಬಹುದು. ಊರಿನ ಮಿಸ್ತ್ರಿಯನ್ನು ಜೊತೆಗೆ ಕೂರಿಸಿಕೊಂಡರೆ ಕೆಲಸ ಅರ್ಧ ಆದ ಹಾಗೆ. ಅವರಿಗೆ ಲೆಕ್ಕ ನಾವು ಹೇಳೋಣ, ಕೈಕೆಲಸ ಅವರು ಕಲಿಸಲಿ. ಮುಂದಿನ ಸ್ಪೋರ್ಟ್ಸ್ ಡೇ ಹೊತ್ತಿಗೆ ನಮ್ಮ ಮೈದಾನದ ಹುಲ್ಲನ್ನು ನಾವೇ ಸರಿಮಾಡಿದ ಯಂತ್ರ ಕತ್ತರಿಸಲಿ. ಆಸಕ್ತಿ ಇರೋರು ಕನ್ನಡ ಸಂಘದವರನ್ನು ಬಂದು ಕಾಣಿ.